ಕಾಡಿನಾಚೆಯ ನೆರೆ: ವಯನಾಡಿನಲ್ಲಿ ಮತ, ನೆಲ, ಆಳ್ವಿಕೆ

(ಶತಮಾನೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಗುಂಡ್ಲುಪೇಟೆಯ ದಾರಿ ಹಿಡಿದು ಬಂಡೀಪುರದ ಕಾಡನ್ನೂ ಮೂಲೆಹೊಳೆಯನ್ನೂ ದಾಟಿದರೆ ವಯನಾಡು ಜಿಲ್ಲೆ. ಮತವು ಒಂದು ಸೀಮೆಯ ಬದುಕನ್ನೂ ಆಳ್ವಿಕೆಯನ್ನೂ ಕಲಹವನ್ನೂ ಹೇಗೆ ರೂಪಿಸುತ್ತದೆ ಎಂಬುದನ್ನು ಅರಿಯಲು ನಾವು ದೂರದೇಶಗಳ ಚರಿತ್ರೆಯನ್ನು ತೆರೆಯಬೇಕಾಗಿಲ್ಲ. ಈ ನೆರೆಯ ಸೀಮೆಯೇ ಸಾಕು. 2011ರ ಜನಗಣತಿಯಂತೆ ಅಲ್ಲಿನ ಎಂಟು ಲಕ್ಷಕ್ಕೂ ಮಿಕ್ಕ ಜನರಲ್ಲಿ ಅರ್ಧದಷ್ಟು ಹಿಂದೂಗಳು, ನೂರಕ್ಕೆ 28ಕ್ಕಿಂತ ಹೆಚ್ಚು ಮುಸ್ಲಿಮರು, 21ರಷ್ಟು ಕ್ರೈಸ್ತರು. ನೂರಕ್ಕೆ 18ಕ್ಕೂ ಹೆಚ್ಚಿನವರು ಆದಿವಾಸಿಗಳು. ಇವರ ದೈವಗಳು ಯಾವ ಅಂಕಣಕ್ಕೆ ಸೇರಿದವೆಂದು ಗಣತಿಯವರು ಹೇಗೆ ನಿರ್ಧರಿಸಿದರೋ ನಾವರಿಯೆವು.

ಮೊದಲು ಸಿಗುವ ಪಟ್ಟಣ ಸುಲ್ತಾನ್ ಬತ್ತೇರಿ. ಅದರ ಹಳೆಯ ಹೆಸರುಗಳಲ್ಲಿ ಒಂದು ‘ಹನ್ನೆರಡು ಬೀದಿ’. ಅಚ್ಚ ಕನ್ನಡದ ಈ ಹೆಸರು ಕನ್ನಡನಾಡಿನಿಂದ ಹೋಗಿ ನೆಲೆಸಿದ ಜೈನರದು. ಇನ್ನೊಂದು ಹೆಸರು ಗಣಪತಿವಟ್ಟಂ. ವಿಜಯನಗರ ಶೈಲಿಯ ಕಲ್ಲಿನ ಬಸದಿಯೊಂದು ಅಲ್ಲಿದೆ. ಟಿಪ್ಪು ಸುಲ್ತಾನನ ಸೇನೆ ಅದನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿತು. ಇಂಗ್ಲಿಷರು ಫಿರಂಗಿ ನೆಲೆಗೆ ‘ಬ್ಯಾಟರಿ’ ಎಂದರು. ಅದು ಜನರ ಬಾಯಲ್ಲಿ ಬತ್ತೇರಿಯಾಯಿತು. (ಮಂಗಳೂರಿನ ಸುಲ್ತಾನ್ ಬತ್ತೇರಿಯ ಹೆಸರೂ ಇಂಥದೇ.) ಇಂದು ಆ ಬಸದಿ ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಒಂದೇ ಕಟ್ಟಡ ದೇಗುಲವಾಗಿ, ಉಗ್ರಾಣವಾಗಿ, ಸ್ಮಾರಕವಾಗಿ ಮೂರು ಬಾಳು ಬಾಳಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಊರಿಗೆ ಗಣಪತಿವಟ್ಟಂ ಎಂದೇ ಹೆಸರಿಡಬೇಕೆಂಬ ಮಾತು ಎದ್ದಿತು. ಹಳೆಯದೇ ಬೇಕೆಂದಾದರೆ ಹನ್ನೆರಡು ಬೀದಿಯ ನೆನಪು ಯಾರಿಗೂ ಏಕೆ ಬರಲಿಲ್ಲ? ಬೇಕಾದ ಹಳೆಯದನ್ನು ಆರಿಸಿಕೊಳ್ಳುವ ಈ ರೂಢಿಯನ್ನು ಚರಿತ್ರೆ ಕಲಿಸುವ ನಾವು ಮಕ್ಕಳಿಗೆ ತೋರಿಸಿಕೊಡಲೇಬೇಕು.

ಮಾನಂದವಾಡಿಯ ಬಳಿ ಕಬಿನಿಯ ದಡದಲ್ಲಿ ವಳ್ಳಿಯೂರುಕಾವು ಎಂಬ ದೇವಿಯ ಸನ್ನಿಧಿಯಿದೆ. ನಮ್ಮ ಕಡೆಗೆ ಹರಿದುಬರುವ ನೀರೇ ಅದು. ಮೀನ ಮಾಸದ ಜಾತ್ರೆಗೆ ಅಡಿಯರೂ ಪಣಿಯರೂ ಕುಟುಂಬಸಮೇತ ಬರುತ್ತಿದ್ದರು. ಕೊಡಗಿನಲ್ಲಿ ನಾವು ಯರವರೆಂದು ಕರೆಯುವ ಜನ ಈ ಅಡಿಯರ ಬಳಗದವರೇ. ಜಮೀನುದಾರರು ಅಲ್ಲಿ ‘ನಿಲ್ಪುಪಣಂ’ ಎಂಬ ಅಲ್ಪ ಹಣವನ್ನು ಕೈಗಿತ್ತು, ದೇವಿಯ ಎದುರಿನಲ್ಲಿ ಮಾತು ಪಡೆದು, ಒಂದು ವರ್ಷದ ದುಡಿಮೆಗೆ ಅವರನ್ನು ಕಟ್ಟಿಹಾಕುತ್ತಿದ್ದರು. ಕಾಗದವಿಲ್ಲ, ಸಹಿಯಿಲ್ಲ, ಮಾತು ತಪ್ಪಿದರೆ ದೇವಿ ಮುನಿಯುವಳೆಂಬ ಭಯವೇ ಸಾಕಾಗಿತ್ತು. ನಂಬಿದವರ ಭಕ್ತಿ ನಿಜವಾದುದು. ಅದನ್ನು ಬೇಲಿಯಾಗಿ ಬಳಸಿಕೊಂಡವರು ಬೇರೆ. ಆ ತಾಯಿಯನ್ನು ಜೀತದ ಸಾಕ್ಷಿಯಾಗಿ ನಿಲ್ಲಿಸಿದ್ದು ಗದ್ದೆಗಳ ಒಡೆತನ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ದೇಶಕ್ಕೆ ದೊರೆತದ್ದು 1976ರಲ್ಲಿ. ಜಾತ್ರೆ ಇಂದಿಗೂ ನಡೆಯುತ್ತದೆ, ಅದೇ ಜನ ಅದೇ ದೇವಿಗೆ ಕೈಮುಗಿಯುತ್ತಾರೆ. ಇದನ್ನು ಮೌಢ್ಯವೆಂದು ತಳ್ಳಿಹಾಕಲು ನಮಗೆ ಮನಸ್ಸಾಗದು.

1940ರ ದಶಕದಿಂದ ತಿರುವಾಂಕೂರಿನ ಕ್ರೈಸ್ತ ರೈತಕುಟುಂಬಗಳು ಬೆಟ್ಟ ಹತ್ತಿ ಬಂದವು. ಹಸಿವಿನಿಂದ ಬಂದವರು, ಮಲೇರಿಯಾದಲ್ಲಿ ಮಕ್ಕಳನ್ನು ಕಳೆದುಕೊಂಡವರು. ಅವರ ಕಷ್ಟವನ್ನು ಯಾರೂ ಕಡೆಗಣಿಸಲಾರರು. ಅವರ ಬೆನ್ನಿಗೆ ಇಗರ್ಜಿಯಿತ್ತು. ಇಗರ್ಜಿಯ ಬಳಿ ಶಾಲೆಯಿತ್ತು, ಸರ್ಕಾರಕ್ಕೆ ಮನವಿ ಬರೆಯಬಲ್ಲ ಕೈಯಿತ್ತು. ಮರದಡಿಯ ಕಲ್ಲನ್ನು ಪೂಜಿಸುವವರಿಗೆ ಇಂಥ ಕಚೇರಿ ಇರಲಿಲ್ಲ. ಸಂಘಟಿತ ಮತವು ಆಳ್ವಿಕೆಯಲ್ಲಿ ಏನನ್ನು ಗಳಿಸಿಕೊಡುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ನೆಲ ಕಳೆದುಕೊಂಡ ಆದಿವಾಸಿಗಳು 2003ರಲ್ಲಿ ಸಿ.ಕೆ. ಜಾನು ಮೊದಲಾದವರ ನೇತೃತ್ವದಲ್ಲಿ ಮುತ್ತಂಗದ ಕಾಡಿನಲ್ಲಿ ಗುಡಿಸಲು ಹಾಕಿದರು. ಫೆಬ್ರವರಿ 19ರಂದು ಗೋಲಿಬಾರು ನಡೆಯಿತು. ಆ ದಿನದ ಘರ್ಷಣೆಯಲ್ಲಿ ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಪ್ರಾಣ ಕಳೆದುಕೊಂಡರು. ನಾವು ಬತ್ತೇರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುವ ಕಾಡೇ ಅದು.

ಆದರೆ ಮತದ ಲೆಕ್ಕವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನುವವರು ಕಲ್ಪೆಟ್ಟದ ಎಂ.ಪಿ. ವೀರೇಂದ್ರಕುಮಾರರನ್ನು ನೆನೆಯಬೇಕು. ಬೆರಳೆಣಿಕೆಯ ಜೈನ ಸಮುದಾಯದ ಅವರನ್ನು ಕಲ್ಪೆಟ್ಟದ ಮತದಾರರು 1987ರಲ್ಲಿ ವಿಧಾನಸಭೆಗೂ, ಕೋಳಿಕ್ಕೋಡಿನವರು ಮುಂದೆ ಲೋಕಸಭೆಗೂ ಆರಿಸಿ ಕಳುಹಿಸಿದರು.

ಇನ್ನು 2024ರ ಜುಲೈ 30. ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳ ಮೇಲೆ ನಡುರಾತ್ರಿ ಗುಡ್ಡ ಕುಸಿದುದು ತಮಗೆಲ್ಲ ತಿಳಿದಿದೆ. ಗುರುತು ಸಿಗದ ದೇಹಗಳನ್ನು ಪುತ್ತುಮಲದಲ್ಲಿ ಮಣ್ಣು ಮಾಡುವಾಗ ಸತ್ತವರು ಯಾವ ಮತದವರೆಂದು ಹೇಳಬಲ್ಲವರಿರಲಿಲ್ಲ. ಆದುದರಿಂದ ಹಿಂದೂ, ಮುಸ್ಲಿಂ, ಕ್ರೈಸ್ತ ಪ್ರಾರ್ಥನೆಗಳನ್ನು ಎಲ್ಲರಿಗಾಗಿಯೂ ಸಲ್ಲಿಸಿದರು. ಸಮಾಧಿಗಳ ಮೇಲೆ ಹೆಸರಿನ ಬದಲು ಸಂಖ್ಯೆಗಳನ್ನು ಬರೆದರು. ಡಿ.ಎನ್.ಎ. ಪರೀಕ್ಷೆಯ ಫಲ ಬಂದಂತೆ ಕೆಲವು ಕುಟುಂಬಗಳಿಗೆ ತಮ್ಮವರು ಯಾವ ಸಂಖ್ಯೆಯಡಿ ಮಲಗಿದ್ದಾರೆಂಬುದು ತಿಳಿಯಿತು.