ಕಟ್ಟಿಸಿದವರು, ಕಟ್ಟಿದವರು

ಒಂದು ಒಳ್ಳೆಯ ಕಟ್ಟಡವನ್ನು ಕಂಡಾಗ ‘ಇದನ್ನು ಕಟ್ಟಿಸಿದವರು ಯಾರು?’ ಎಂದು ಕೇಳುವುದು ನಮ್ಮ ವಾಡಿಕೆ. ‘ಕಟ್ಟಿದವರು ಯಾರು?’ ಎಂದು ಕೇಳುವವರು ವಿರಳ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಕಟ್ಟಿದವರ ನೆನಪು ಅವರ ಮನೆಮಂದಿಯಲ್ಲಿ ಉಳಿದರೆ ಉಂಟು, ಇಲ್ಲವಾದರೆ ಇಲ್ಲ. ಅಂಥ ಒಬ್ಬರನ್ನು, ನಮ್ಮ ತಂದೆಯವರನ್ನು, ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ. ಅವರು ಗಾರೆ ಕೆಲಸದವರು. ಮಳವಳ್ಳಿ ಅವರು ಹುಟ್ಟಿದ ಊರು, ಮದ್ದೂರು ನಮ್ಮ ತಾಯಿಯ ತವರು, ಮಂಡ್ಯ ಅನ್ನ ಕೊಟ್ಟ ಊರು. ಊರಿನವರಿಗೆ ಅವರು ಮೇಸ್ತ್ರಿ, ಮನೆಯವರಿಗೆ ಅಪ್ಪ. ಅದರಾಚೆಗೆ ಹೆಸರು ಬೇಕೆಂದು ಅವರಿಗೆ ಎಂದೂ ಅನ್ನಿಸಲಿಲ್ಲ.

ನಮ್ಮ ಸೀಮೆಯ ಬಾಳನ್ನು ಬದಲಿಸಿದ್ದು ಕಟ್ಟಡಗಳೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟೆಯ ಕೆಲಸ ಮೊದಲಾಯಿತು. ಹುಲಿಕೆರೆಯ ಬಳಿ ನೆಲದೊಳಗೆ ಸುರಂಗ ಕೊರೆದು ನಾಲೆಯ ನೀರನ್ನು ಮಂಡ್ಯದ ಬಯಲಿಗೆ ತಂದರು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದಿತು. 1939ರಲ್ಲಿ ಮಂಡ್ಯ ಜಿಲ್ಲಾ ಕೇಂದ್ರವಾಯಿತು. ವಿಶ್ವೇಶ್ವರಯ್ಯನವರನ್ನು ನಾಡು ಕೃತಜ್ಞತೆಯಿಂದ ಸ್ಮರಿಸುತ್ತದೆ, ಸ್ಮರಿಸಲೇಬೇಕು. ಆ ಅಣೆಕಟ್ಟೆಯ 8,600 ಅಡಿ ಉದ್ದದ ಗೋಡೆಗೆ ಕಲ್ಲು ಹೊತ್ತು ಗಾರೆ ತುಂಬಿದ ಸಾವಿರಾರು ಕೈಗಳಲ್ಲಿ ನಮ್ಮ ಅಜ್ಜನವರ ಕೈಗಳೂ ಇದ್ದವು. ತಂದೆಯವರು ಕರಣೆ ಹಿಡಿಯಲು ಕಲಿತದ್ದು ಅವರಿಂದ.

ಕನ್ನಂಬಾಡಿಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ. ಬರಿಯ ಸುಣ್ಣ ಗಾಳಿಯನ್ನು ಉಂಡು ನಿಧಾನವಾಗಿ ಕಲ್ಲಾಗುತ್ತದೆ. ಅದಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಸೇರಿಸಿ ಅರೆದರೆ ನೀರಿನಲ್ಲಿಯೂ ಬಿಗಿಯುವ ಗುಣ ಬರುತ್ತದೆ. ನಾವು ಚಿಕ್ಕವರಾಗಿದ್ದಾಗ, ಮನೆ ಕಟ್ಟುವ ಕಡೆ ಎತ್ತು ಕಟ್ಟಿ ಗಾರೆ ಅರೆಯುವ ಗಾಣವನ್ನು ಕಾಣುತ್ತಿದ್ದೆವು. ಅರೆದದ್ದು ಸಾಕೆಂದು ಆಳುಗಳು ಹೇಳಿದರೆ ತಂದೆಯವರು ಒಂದು ಚಿಟಿಕೆ ಗಾರೆಯನ್ನು ಬೆರಳಲ್ಲಿ ತೀಡಿ ನೋಡುತ್ತಿದ್ದರು. ಸಿಮೆಂಟು ಬಂದ ಮೇಲೆ ಅದನ್ನೂ ಕಲಿತರು. ‘ಇದು ಹಸುಗೂಸು, ಹೊತ್ತುಹೊತ್ತಿಗೆ ನೀರು ಕೊಡಬೇಕು’ ಎನ್ನುವರು. ಹೊಸ ಗೋಡೆಗೆ ನೀರುಣಿಸಲು ರಾತ್ರಿ ಲಾಟೀನು ಹಿಡಿದು ಹೊರಟರೆ ನಮ್ಮಲ್ಲಿ ಒಬ್ಬರಾದರೂ ಜೊತೆಯಲ್ಲಿರಬೇಕು. ಹಗಲೆಲ್ಲ ಸಾರವೆಯ ಮೇಲಿರುವ ತಂದೆ ನಮಗೆ ಕತೆ ಹೇಳಲು ಸಿಗುತ್ತಿದ್ದುದು ಆ ದಾರಿಯಲ್ಲಿ.

ನಮ್ಮ ತಾಯಿ ಗಿಡ್ಡನೆಯವರು. ಸ್ವಂತ ಮನೆ ಕಟ್ಟುವಾಗ ತಂದೆಯವರು ಅವರನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿ, ಮೊಣಕೈಯ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದು, ಅದಕ್ಕೆ ತಕ್ಕಂತೆ ಒಲೆಯ ಕಟ್ಟೆಯನ್ನು ಕಟ್ಟಿದರು. ಬಂದ ನೆಂಟರೆಲ್ಲ ಕಟ್ಟೆ ತಗ್ಗಾಯಿತೆಂದರು. ತಾಯಿಯವರು ಮಾತ್ರ ಕೊನೆಯವರೆಗೂ ಬೇರೆ ಅಡಿಗೆಮನೆಯಲ್ಲಿ ನಿಂತು ಅಡಿಗೆ ಮಾಡಲು ಒಪ್ಪಲಿಲ್ಲ.

ಅಕ್ಕನ ಮದುವೆ ಗೊತ್ತಾಗಿದ್ದ ವರ್ಷ, ಮದ್ದೂರಿನ ಕಡೆಯ ಒಂದು ಹಳ್ಳಿಯಲ್ಲಿ ಶಾಲೆಯ ಕಟ್ಟಡದ ಕೆಲಸ ಅವರ ಕೈಗೆ ಬಂದಿತ್ತು. ಮದುವೆಯ ಖರ್ಚಿಗೆ ಅದೇ ಆಧಾರ. ಗುತ್ತಿಗೆದಾರರು ತಳಪಾಯವನ್ನು ಗಟ್ಟಿನೆಲ ಮುಟ್ಟುವ ಮೊದಲೇ ನಿಲ್ಲಿಸಿ, ಸಿಮೆಂಟಿನ ಪಾಲನ್ನೂ ಇಳಿಸಬೇಕೆಂದರು. ನಾಲೆಯ ನೀರು ಬಸಿಯುವ ಗದ್ದೆಬಯಲಿನಲ್ಲಿ ಅಂಥ ಗೋಡೆ ಬಿರಿಯದೆ ಇರದು. ತಂದೆಯವರು ಜಗಳವಾಡಲಿಲ್ಲ, ಕರಣೆ, ತೂಗುಗುಂಡು, ರಸಮಟ್ಟಗಳನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟರು. ಆ ರಾತ್ರಿ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಮಕ್ಕಳು ಕೂರೋ ಜಾಗ ಕಣವ್ವ, ನನ್ ಕೈಲಿ ಆಗ್ಲಿಲ್ಲ’ ಎಂದರು. ಅಕ್ಕ ‘ಆಗ್ಲಿ ಬುಡಪ್ಪ’ ಎಂದರು. ಗೊತ್ತಾಗಿದ್ದ ಸಂಬಂಧ ಕೈತಪ್ಪಿತು. ಎರಡು ವರ್ಷಗಳ ತರುವಾಯ ಅಕ್ಕ ಮಳವಳ್ಳಿಯ ಬೇರೊಂದು ಮನೆಗೆ ಸೊಸೆಯಾಗಿ ಹೋದರು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ; ತಂದೆಯವರು ಮರೆಯಲೂ ಇಲ್ಲ.

ಪ್ರಾಮಾಣಿಕತೆಯನ್ನು ನಾವು ಸುಲಭವಾಗಿ ಹೊಗಳುತ್ತೇವೆ. ಅದರ ಬೆಲೆಯನ್ನು ತೆರುವವನು ಎಷ್ಟೋ ವೇಳೆ ಅವನೊಬ್ಬನೇ ಅಲ್ಲ, ಅವನ ಮನೆಯೂ ಹೌದು. ತಂದೆಯವರು ಇದನ್ನು ಅರಿತಿದ್ದರು. ಕೆಲಸ ಬಿಟ್ಟ ಇಳಿವಯಸ್ಸಿನಲ್ಲಿ ಅವರು ಮಳವಳ್ಳಿಗೆ ಹೋಗಿ, ಆಳು ಬೇಡವೆಂದು, ಅಕ್ಕನ ಮನೆಯ ಮುಂದೆ ತಾವೊಬ್ಬರೇ ಒಂದು ಜಗಲಿಯನ್ನು ಕಟ್ಟಿದರು. ಮೂರಾಳಿನ ಒಂದು ವಾರದ ಕೆಲಸಕ್ಕೆ ತಿಂಗಳು ಹಿಡಿಯಿತು. ಅಕ್ಕ ದಿನವೂ ಸಂಜೆ ಅದಕ್ಕೆ ನೀರು ಹಾಕಿದರು. ಅದರ ಬಗ್ಗೆ ಅಪ್ಪ ಮಗಳು ಏನು ಮಾತನಾಡಿಕೊಂಡರೋ, ನಮಗಾರಿಗೂ ಹೇಳಲಿಲ್ಲ.

ನಿಮ್ಮ ಬೀದಿಯಲ್ಲಿಯೂ ಯಾರೋ ಒಬ್ಬರು ಈಗ ಸಾರವೆಯ ಮೇಲೆ ನಿಂತು ದಾರ ಹಿಡಿದು ಗೋಡೆಯ ನೇರ ನೋಡುತ್ತಿರಬಹುದು. ಹಾದುಹೋಗುವಾಗ ಒಂದು ಗಳಿಗೆ ನಿಂತು ಮಾತನಾಡಿಸಿ. ಅವರಿಗೂ ಒಂದು ಮನೆಯಿರುತ್ತದೆ.