ನುಂಗೋ ಕಷ್ಟಕ್ಕೆ ಒಗ್ಗಿಕೊಳ್ಳಬೇಡಿ

ಇವತ್ತು ಅಕಲೇಸಿಯಾ ಅನ್ನೋ ಕಾಯಿಲೆ ಬಗ್ಗೆ ಮಾತಾಡೋಣ.

ಅನ್ನನಾಳ ಹೊಟ್ಟೆಗೆ ಸೇರೋ ಜಾಗದಲ್ಲಿ ಸ್ನಾಯುವಿನ ಒಂದು ಬಾಗಿಲಿದೆ. ನುಂಗಿದಾಗ ಅದು ತೆರೀಬೇಕು. ಅದನ್ನ ನಡೆಸೋ ನರಕೋಶಗಳು ನಾಶವಾದ್ರೆ ತೆರೆಯಲ್ಲ. ಚಪಾತಿ ಇರಲಿ, ನೀರೂ ಎದೆಯಲ್ಲೇ ನಿಂತ ಹಾಗಾಗುತ್ತೆ. ಮಲಗಿದ್ರೆ ತಿಂದದ್ದು ಬಾಯಿಗೆ ಬರುತ್ತೆ. ನಾವೋ ಆ್ಯಸಿಡಿಟಿ, ಆಫೀಸ್ ಟೆನ್ಷನ್ ಅಂದ್ಕೊಂಡು ಮಾತ್ರೆಯಲ್ಲೇ ವರ್ಷ ಕಳೀತೀವಿ.

ನಿಂತ ಆಹಾರ ಅಲ್ಲೇ ಕೊಳೆತು ಒಳಪದರಕ್ಕೆ ಉರಿಯೂತ ತರುತ್ತೆ. 10–20 ವರ್ಷ ಹೀಗೇ ನಡೆದ್ರೆ ಕ್ಯಾನ್ಸರ್ ಆಗಬಹುದು. ಬಹುಪಾಲು ಜನರಿಗೆ ಆಗಲ್ಲ, ಆದರೆ ಅಪಾಯ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಮೋಸ ಇರೋದು ಇಲ್ಲಿ: ಅನ್ನನಾಳದ ಕ್ಯಾನ್ಸರಿನ ಮುಖ್ಯ ಲಕ್ಷಣವೂ ನುಂಗೋ ಕಷ್ಟವೇ. ಹಳೇ ತೊಂದರೆ ಅಂತ ಸುಮ್ಮನಿದ್ರೆ ಒಳಗೆ ಗಡ್ಡೆ ಬೆಳೆದಿರುತ್ತೆ.

ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ, ಮ್ಯಾನೋಮೆಟ್ರಿ ಮಾಡಿದ್ರೆ ಅಕಲೇಸಿಯಾ ಪತ್ತೆಯಾಗುತ್ತೆ. ಬಲೂನಿನಿಂದ ಹಿಗ್ಗಿಸಿ, ಆಪರೇಷನ್ ಮಾಡಿ, ಇಲ್ಲವೇ 2008ರಲ್ಲಿ ಜಪಾನಿನಲ್ಲಿ ಶುರುವಾದ ‘ಪೋಯಂ’ ವಿಧಾನದಲ್ಲಿ ಬಾಗಿಲು ಸಡಿಲ ಮಾಡ್ತಾರೆ. ಚಿಕಿತ್ಸೆ ಆದ್ಮೇಲೂ ಅಪಾಯ ಪೂರ್ತಿ ಹೋಗಲ್ಲ. ಕಾಯಿಲೆಗೆ 10 ವರ್ಷ ದಾಟಿದ್ರೆ, ಎಂಡೋಸ್ಕೋಪಿ ಎಷ್ಟು ವರ್ಷಕ್ಕೊಮ್ಮೆ ಬೇಕು ಅಂತ ಗ್ಯಾಸ್ಟ್ರೋ ಡಾಕ್ಟರನ್ನ ಕೇಳಿ. ತೂಕ ಇಳೀತಿದ್ರೆ, ಕಷ್ಟ ಜಾಸ್ತಿ ಆದ್ರೆ ಕಾಯಲೇಬೇಡಿ.

ಊರಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತೀವಲ್ಲ, ‘ಸಲೀಸಾಗಿ ಇಳೀತಾ’ ಅಂತಾನೂ ಕೇಳಿ.