ಟಪ್ ಎಂದದ್ದು ಮೇಲಿನದು

ಮೈಸೂರಿನ ಕೆ.ಆರ್. ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಬಿಪಿ ನೋಡುವಾಗ ಅವರ ಮುಖ ಗಮನಿಸಿದ್ದೀರಾ? ಸುತ್ತ ಸಂತೆಯೇ ನೆರೆದಿರಲಿ, ಅವರ ಪ್ರಾಣವೆಲ್ಲ ಕಿವಿಯಲ್ಲಿರುತ್ತದೆ.

ಮೊದಲು ಈ ಅಳತೆಗೆ ಸಿಕ್ಕಿದ್ದು ಕುದುರೆ, ಪಾಪ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ಅದರ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ತೂರಿಸಿ, ಮೇಲೆ ಗಾಜಿನ ನಳಿಗೆ ನಿಲ್ಲಿಸಿದ. ರಕ್ತ ಎಂಟಡಿಗೂ ಮೇಲಕ್ಕೆ ಏರಿತು. 1733ರಲ್ಲಿ ಅದನ್ನು ಪುಸ್ತಕದಲ್ಲಿ ಬರೆದ. ಮನುಷ್ಯರ ಮೇಲೆ ಮಾಡುವ ಕೆಲಸವೇ ಅದು? ಮುಂದಿನ ನೂರೈವತ್ತಕ್ಕೂ ಹೆಚ್ಚು ವರ್ಷ ಹಾರಿಬಿಡೋಣ. 1896ರಲ್ಲಿ ಇಟಲಿಯ ರೀವಾ-ರೋಚಿ ತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸದ ಏರಿಕೆಯಲ್ಲಿ ಒತ್ತಡ ಓದಿದ. ಆದರೆ ನಾಡಿ ಮುಟ್ಟಿ ನೋಡುತ್ತಿದ್ದುದರಿಂದ ಸಿಕ್ಕಿದ್ದು ಮೇಲಿನ ಅಂಕಿ ಮಾತ್ರ.

ಕೆಳಗಿನದನ್ನು ಹಿಡಿದುಕೊಟ್ಟವನು ನನ್ನ ಮೆಚ್ಚಿನ ಕೊರೊಟ್ಕಾಫ್. ರಷ್ಯದ ಸರ್ಜನ್, ಆಗಿನ್ನೂ 31ರ ಪ್ರಾಯ. ಯುದ್ಧದಲ್ಲಿ ರಕ್ತನಾಳ ಹರಿದುಕೊಂಡ ಸೈನಿಕರಿಗೆ ಚಿಕಿತ್ಸೆ ಮಾಡುತ್ತ ಸ್ಟೆತಸ್ಕೋಪಿನಿಂದ ನಾಳಗಳನ್ನು ಆಲಿಸುವುದು ಅವನಿಗೆ ರೂಢಿಯಾಗಿತ್ತು. ರೀವಾ-ರೋಚಿಯ ಪಟ್ಟಿಯ ಕೆಳಗೂ ಹಾಗೆಯೇ ಆಲಿಸಿದ. ಪಟ್ಟಿ ಬಿಗಿದರೆ ಸದ್ದೇ ಇಲ್ಲ. ಗಾಳಿ ಬಿಡುತ್ತ ಬಂದರೆ ಟಪ್, ಟಪ್. ರಕ್ತ ಸಲೀಸಾಗಿ ಹರಿದಾಗ ಮತ್ತೆ ಸದ್ದಡಗುತ್ತದೆ. ಮೊದಲ ಟಪ್ ಮೇಲಿನದು, ಸದ್ದು ಅಡಗಿದ್ದು ಕೆಳಗಿನದು. 1905ರಲ್ಲಿ ಇದನ್ನು ಹೇಳಲು ಅವನಿಗೆ ಒಂದು ಪುಟವೂ ಬೇಕಾಗಲಿಲ್ಲ. ನಮ್ಮ ವಿದ್ವಾಂಸರಾಗಿದ್ದರೆ ಮುನ್ನುಡಿಯೇ ಇಪ್ಪತ್ತು ಪುಟ!

ಮರುವರ್ಷ ನಮ್ಮ ಮಂಡಿ ಮೊಹಲ್ಲಾದಲ್ಲಿ ಮಿಷನ್ ಆಸ್ಪತ್ರೆ ಶುರುವಾಯಿತು. 1930ರಲ್ಲಿ ಮೆಡಿಕಲ್ ಕಾಲೇಜು ಬೆಂಗಳೂರಿನಿಂದ ಇಲ್ಲಿಗೆ ಬಂತು. ಇಂದಿಗೂ ನರ್ಸಿಂಗ್ ಓದುವ ಹುಡುಗಿಯರು ಕಲಿಯುವುದು ಆ ರಷ್ಯನ್ನನ ಪಾಠವನ್ನೇ. ಬಲ್ಬ್ ಒತ್ತುವ ಆತುರ ಬೇಡ: ಮೊದಲು ಮಣಿಕಟ್ಟಿನ ನಾಡಿ ಹಿಡಿಯಬೇಕು, ಗಾಳಿ ತುಂಬುತ್ತ ಅದು ನಿಂತ ಮೇಲೆ ಇನ್ನೂ 30 ಮಿಲಿಮೀಟರ್ ಏರಿಸಬೇಕು. ಆಮೇಲೆ ಸ್ಕ್ರೂ ಸಡಿಲಿಸಿ, ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಪಾದರಸ ಇಳಿಸಬೇಕು. ಕೆಲವರಲ್ಲಿ ಸದ್ದು ನಡುವೆ ಮಾಯವಾಗಿ ಮತ್ತೆ ಬರುತ್ತದೆ. ನಾಡಿ ಹಿಡಿಯದವರು ಎರಡನೆಯ ಸಲ ಬಂದ ಸದ್ದನ್ನೇ ಮೊದಲನೆಯದೆಂದುಕೊಂಡು, ಹೆಚ್ಚಿರುವ ಬಿಪಿಯನ್ನು ಕಡಿಮೆ ಬರೆದುಬಿಡುತ್ತಾರೆ.

ಪಾದರಸ ವಿಷ, ಅದು ಹೋಗಬೇಕಾದ್ದೇ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿತು. ಪಾದರಸದ ಹಿಂದೆಯೇ ಕೇಳುವ ಕಿವಿಯೂ ಹೋಗುತ್ತಿದೆಯಲ್ಲ, ನನ್ನ ಹೊಟ್ಟೆಯುರಿ ಅದು. ಪಾದರಸವಿಲ್ಲದೆಯೂ ಕೇಳಿ ಅಳೆಯಬಹುದು: ಮುಳ್ಳಿನ ಡಯಲ್ ಇದೆ, ಸ್ಟೆತಸ್ಕೋಪ್ ಇದೆ. ಎದೆಬಡಿತ ತಾಳತಪ್ಪಿದವರಲ್ಲಿ ಗುಂಡಿಯೊತ್ತಿದರೆ ತಾನೇ ಬಿಪಿ ಅಳೆಯುವ ಯಂತ್ರವೂ ತಡಬಡಾಯಿಸುತ್ತದೆ.

ಮುಂದಿನ ಸಲ ಸಿಸ್ಟರ್ ಪಟ್ಟಿ ಕಟ್ಟುವ ಐದು ನಿಮಿಷ ಮೊದಲೇ ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ ಕುಳಿತಿರಿ. ದಯವಿಟ್ಟು ಮಾತಾಡಬೇಡಿ, ಅವರು ಕೇಳಿಸಿಕೊಳ್ಳುತ್ತಿರುತ್ತಾರೆ.